ಓದುವ ಹಲಗೆಯಲ್ಲಿ ಅಂತರಜಾಲ: ಎಷ್ಟು ನಿರೀಕ್ಷಿಸಬಹುದು?



ದೂರದರ್ಶನದ ಪರದೆಯ ಮೇಲೆ ಒಂದು ಯಂತ್ರವನ್ನು ತೋರಿಸುವುದು ಸುಲಭ. ಅದು ಏನು ಮಾಡಬಲ್ಲದು, ಏನು ಮಾಡಲಾರದು, ಏಕೆ ಮಾಡಲಾರದು ಎಂಬುದನ್ನು ಅರ್ಧ ಗಂಟೆಯ ಮಾತುಕತೆಯಲ್ಲಿ ಬಿಡಿಸಿ ಹೇಳುವುದು ಅಷ್ಟು ಸುಲಭವಲ್ಲ. ಆ ಕೆಲಸಕ್ಕೆ ಅಚ್ಚಿನ ಪುಟವೇ ವಾಸಿ. ಆದ್ದರಿಂದ ಇ-ಬುಕ್ ರೀಡರ್ ಎಂಬ ಓದುವ ಹಲಗೆಯ ಬಗ್ಗೆ, ಅದರಲ್ಲೂ ಅದರೊಳಗೆ ಇಣುಕುವ ಅಂತರಜಾಲದ ಬಗ್ಗೆ, ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡೋಣ.

ನನ್ನ ತಂಗಿಯ ಮಗಳು ಹಾಸ್ಟೆಲಿನಲ್ಲಿದ್ದುಕೊಂಡು ಪದವಿ ಓದುತ್ತಿದ್ದಾಳೆ. ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂದಾಗ ಅವಳಪ್ಪ ಅಂಥದೊಂದು ರೀಡರ್ ಕೊಡಿಸಿದ್ದರು. ಡಬ್ಬಿಯ ಮೇಲೆ ‘ವೈ-ಫೈ’ ಎಂದು ಅಚ್ಚಾಗಿತ್ತು. ಒಳಗಿನ ಮೆನುವಿನಲ್ಲಿ ‘ವೆಬ್ ಬ್ರೌಸರ್’ ಎಂಬ ಸಾಲೂ ಇತ್ತು. ಇಷ್ಟು ಕಂಡ ಮೇಲೆ ಇದೂ ಒಂದು ಪುಟ್ಟ ಕಂಪ್ಯೂಟರೇ ಎಂದು ಅವಳು ತಿಳಿದದ್ದರಲ್ಲಿ ತಪ್ಪೇನಿಲ್ಲ. ಒಂದು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಅವಳ ಫೋನು ಕೆಟ್ಟು ಕೂತಿತು. ಹಾಸ್ಟೆಲಿನ ವೈ-ಫೈ ಇತ್ತು, ಕೈಯಲ್ಲಿ ರೀಡರ್ ಇತ್ತು. ಅರ್ಜಿಯ ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಒಂದೊಂದೇ ಅಕ್ಷರ ಒತ್ತುತ್ತ ಹೆಸರು, ವಿಳಾಸ, ಅಂಕಪಟ್ಟಿಯ ಸಂಖ್ಯೆ ಎಲ್ಲ ತುಂಬಿದಳು. ಕೊನೆಗೆ ‘ಭಾವಚಿತ್ರ ಲಗತ್ತಿಸಿ’ ಎಂಬಲ್ಲಿಗೆ ಬಂದು ಗಾಡಿ ನಿಂತಿತು. ಆ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಓಡಿಹೋಗಿ, ಬಾಗಿಲು ಹಾಕುತ್ತಿದ್ದ ಸೈಬರ್ ಸೆಂಟರಿನವರನ್ನು ಬೇಡಿಕೊಂಡು, ಮೊದಲಿನಿಂದ ಮತ್ತೆ ತುಂಬಿ ಅರ್ಜಿ ಕಳಿಸಿದಳು.

ರಾತ್ರಿ ಫೋನು ಮಾಡಿ ಅವಳು ಕೇಳಿದ್ದು: “ಮಾಮ, ಇದರಲ್ಲಿ ನೆಟ್ ಇದೆ ಅಂತ ಬರ್ದಿದಾರಲ್ಲ, ಮತ್ಯಾಕೆ ಹಿಂಗೆ?”

ಪ್ರಶ್ನೆ ಸರಿಯಾಗಿದೆ. ಉತ್ತರ ಪರದೆಯಿಂದ ಆರಂಭವಾಗುತ್ತದೆ.

ಗುಳಿಗೆಯೊಳಗಿನ ಮಸಿ

ನಿಮ್ಮ ಮನೆಯ ಟಿ.ವಿ., ನಿಮ್ಮ ಕೈಯ ಮೊಬೈಲು, ಎರಡೂ ತಮ್ಮದೇ ಬೆಳಕನ್ನು ನಿಮ್ಮ ಕಣ್ಣಿಗೆ ಹಾಯಿಸುತ್ತವೆ. ರೀಡರಿನ ಪರದೆ ಹಾಗಲ್ಲ. ಕಾಗದದಂತೆ ಅದು ತನ್ನ ಮೇಲೆ ಬಿದ್ದ ಬೆಳಕನ್ನು ಪ್ರತಿಫಲಿಸಿ ಕಾಣಿಸಿಕೊಳ್ಳುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ಪ್ರಾಧ್ಯಾಪಕ ಜೋಸೆಫ್ ಜೇಕಬ್‌ಸನ್ ಅವರ ಜೊತೆ ಬ್ಯಾರೆಟ್ ಕಾಮಿಸ್ಕಿ ಮತ್ತು ಜೆ. ಡಿ. ಆಲ್ಬರ್ಟ್ ಎಂಬ ಇಬ್ಬರು ವಿದ್ಯಾರ್ಥಿಗಳು ಈ ಪರದೆಗಾಗಿ ದುಡಿದರು. 1997ರಲ್ಲಿ ‘ಇ ಇಂಕ್’ ಕಂಪನಿ ಹುಟ್ಟಿತು. ಆ ಇಬ್ಬರೂ ಆಗ ನಿಮ್ಮ ಹಾಗೆ ಪದವಿ ತರಗತಿಯ ಹುಡುಗರು ಎಂಬುದನ್ನು ನೆನಪಿಡಿ.

ಪರದೆಯ ತುಂಬ ಕೂದಲೆಳೆಯ ದಪ್ಪದ ಸೂಕ್ಷ್ಮ ಗುಳಿಗೆಗಳು ಇರುತ್ತವೆ. ಪ್ರತಿ ಗುಳಿಗೆಯೊಳಗೂ ತಿಳಿಯಾದ ದ್ರವ. ಅದರಲ್ಲಿ ಧನ ಆವೇಶವುಳ್ಳ ಬಿಳಿ ಕಣಗಳು, ಋಣ ಆವೇಶವುಳ್ಳ ಕಪ್ಪು ಕಣಗಳು. ಹಿಂಬದಿಯ ವಿದ್ಯುದ್ವಾರವನ್ನು ಋಣವಾಗಿಸಿದರೆ ಕಪ್ಪು ಕಣಗಳು ಮುಂದಕ್ಕೆ ದೂಡಲ್ಪಟ್ಟು ಅಲ್ಲೊಂದು ಕಪ್ಪು ಚುಕ್ಕೆ ಕಾಣುತ್ತದೆ. ಧನವಾಗಿಸಿದರೆ ಬಿಳಿ ಕಣಗಳು ಮುಂದೆ ಬರುತ್ತವೆ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದಿರಲ್ಲ, ಅದೇ ಇಲ್ಲಿ ಅಕ್ಷರ ಬರೆಯುತ್ತದೆ.

ಒಮ್ಮೆ ಬಂದು ನಿಂತ ಕಣ ಅಲ್ಲೇ ನಿಲ್ಲುತ್ತದೆ. ಅದನ್ನು ಹಿಡಿದಿಡಲು ವಿದ್ಯುತ್ತು ಬೇಡ. ಅಂಗಳದ ರಂಗೋಲಿಯಂತೆ: ಹಾಕುವಾಗ ಮಾತ್ರ ಶ್ರಮ, ಹಾಕಿದ ಮೇಲೆ ಅದರ ಪಾಡಿಗೆ ಅದು ಇರುತ್ತದೆ. ಹೀಗಾಗಿಯೇ ರೀಡರ್ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ. ಬಿಸಿಲಿನಲ್ಲಿ ಕೂತರೂ ಅಕ್ಷರ ಮಾಸುವುದಿಲ್ಲ.

ಆದರೆ ಈ ಗುಣದ ಬೆನ್ನಿಗೇ ಒಂದು ಮಿತಿ ಅಂಟಿಕೊಂಡಿದೆ. ಕಣಗಳು ದ್ರವದಲ್ಲಿ ಈಜಿ ಬರಬೇಕು. ಅದಕ್ಕೆ ಸಮಯ ಬೇಕು. ನಮ್ಮ ದೇಶದ ದೂರದರ್ಶನದಲ್ಲಿ ಸೆಕೆಂಡಿಗೆ 25 ಚಿತ್ರಗಳು ಹಾದುಹೋಗುತ್ತವೆ. ರೀಡರಿನಲ್ಲಿ ಇಡೀ ಪುಟವನ್ನು ಒಮ್ಮೆ ಅಳಿಸಿ ಬರೆಯಲು ಸರಿಸುಮಾರು ಅರ್ಧ ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಪುಟ ತಿರುವುವಾಗ ಪರದೆ ಒಮ್ಮೆ ಕಪ್ಪಾಗಿ ಮಿಂಚುವುದನ್ನು ನೀವು ಕಂಡಿರಬಹುದು. ಹಿಂದಿನ ಪುಟದ ಮಸುಕು ನೆರಳು ಉಳಿಯದಂತೆ ಸ್ಲೇಟು ಒರೆಸುವ ಕ್ರಮ ಅದು. ಕಾದಂಬರಿ ಓದುವವರಿಗೆ ಇದು ಲೆಕ್ಕಕ್ಕಿಲ್ಲ; ಕಾಗದದ ಪುಟ ಮಗುಚಲೂ ಅಷ್ಟು ಹೊತ್ತು ಬೇಕಲ್ಲ! ಆದರೆ ಜಾಲಪುಟವನ್ನು ನಾವು ಓದುವ ಬಗೆಯೇ ಬೇರೆ. ಬೆರಳಿನಿಂದ ಮೇಲೆ ತಳ್ಳುತ್ತೇವೆ, ಕೆಳಗೆ ಎಳೆಯುತ್ತೇವೆ, ಹಿಗ್ಗಿಸುತ್ತೇವೆ. ಪ್ರತಿ ಚಲನೆಗೂ ಪರದೆ ಹೊಸದಾಗಿ ರಂಗೋಲಿ ಹಾಕಬೇಕು.

ಇನ್ನೊಂದು ಸೋಜಿಗ ಹೇಳುತ್ತೇನೆ. ಇ-ಪುಸ್ತಕಗಳಲ್ಲಿ ಬಹು ಬಳಕೆಯ ‘ಇಪಬ್’ ಎಂಬ ನಮೂನೆ 2007ರಲ್ಲಿ ರೂಪುಗೊಂಡಿತು. ಅದನ್ನು ಬಿಚ್ಚಿ ನೋಡಿದರೆ ಒಳಗಿರುವುದು ಜಾಲಪುಟಗಳೇ! ಜಾಲಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿಯೇ ಅಧ್ಯಾಯಗಳನ್ನು ಬರೆದು, ಚಿತ್ರಗಳ ಜೊತೆ ‘ಜಿಪ್’ ಗಂಟು ಕಟ್ಟಿದರೆ ಅದು ಇಪಬ್. ಅಂದರೆ ರೀಡರಿಗೆ ಜಾಲದ ಭಾಷೆ ಬರುತ್ತದೆ. ಹಾಗಿದ್ದೂ ಅದು ತಡವರಿಸುವುದೇಕೆ? ಪುಸ್ತಕದೊಳಗಿನ ಪುಟ ಸುಮ್ಮನೆ ಇರುತ್ತದೆ. ಇಂದಿನ ಜಾಲಪುಟ ಸುಮ್ಮನಿರುವುದಿಲ್ಲ. ಅದರ ಬೆನ್ನ ಹಿಂದೆ ಹತ್ತಾರು ಪುಟ್ಟ ಪ್ರೋಗ್ರಾಮುಗಳು ಓಡುತ್ತಿರುತ್ತವೆ, ಜಾಹೀರಾತು ಬದಲಾಗುತ್ತಿರುತ್ತದೆ, ಚಿತ್ರ ಕುಣಿಯುತ್ತಿರುತ್ತದೆ. ವಾರಗಟ್ಟಲೆ ಬ್ಯಾಟರಿ ಉಳಿಸಲೆಂದು ರೀಡರಿಗೆ ಕೊಟ್ಟಿರುವ ಸಾಧಾರಣ ಮಿದುಳಿಗೆ ಇಷ್ಟೆಲ್ಲ ಹೊರೆ ಹೊರುವ ಶಕ್ತಿ ಇರುವುದಿಲ್ಲ.

ಬಣ್ಣದ ರೀಡರುಗಳು ಬಂದಿವೆಯಲ್ಲ ಎನ್ನುವಿರಿ. ಬಂದಿವೆ, ಅಮೆಜಾನ್ ಕಂಪನಿಯ ಬಣ್ಣದ ಕಿಂಡಲ್ 2024ರಲ್ಲಿ ಬಂತು. ಆಂಡ್ರಾಯ್ಡ್ ಅಳವಡಿಸಿದ, ಮೊಬೈಲಿನ ಆ್ಯಪುಗಳನ್ನು ಹಾಕಿಕೊಳ್ಳಬಹುದಾದ ಇ-ಇಂಕ್ ಹಲಗೆಗಳೂ ಇವೆ. ಅವುಗಳಲ್ಲಿ ಬ್ರೌಸರ್ ಎಷ್ಟೋ ಮೇಲು. ಆದರೆ ಬೆಲೆಯೂ ಮೇಲೆ, ಬ್ಯಾಟರಿಯ ಬಾಳು ಕೆಳಗೆ. ಒಂದನ್ನು ಪಡೆಯಲು ಇನ್ನೊಂದನ್ನು ತೆತ್ತಂತೆಯೇ.

ದುಡ್ಡು ಯಾರದು?

ಪರದೆಯ ಮಾತಾಯಿತು. ಇನ್ನು ತಂತಿಯಿಲ್ಲದ ಸಂಪರ್ಕದ ಕತೆ. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿ ‘ಲಿಬ್ರಿಯೆ’ ಎಂಬ ರೀಡರನ್ನು ಮಾರುಕಟ್ಟೆಗೆ ತಂದಿತು. ಇ-ಇಂಕ್ ಪರದೆಯ ಮೊದಲ ಓದುವ ಹಲಗೆ ಅದು. ಪುಸ್ತಕವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿಂದ ಹಲಗೆಗೆ ಸಾಗಿಸಬೇಕಿತ್ತು. ಅಷ್ಟು ಮಾಡಿದರೂ 60 ದಿನಗಳ ಮೇಲೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಜನ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ, ಮೆಚ್ಚುವುದಾದರೂ ಹೇಗೆ?

2007ರ ನವೆಂಬರ್ 19ರಂದು ಅಮೆಜಾನ್ ಹೊರತಂದ ಮೊದಲ ಕಿಂಡಲಿನಲ್ಲಿ ಕಂಪ್ಯೂಟರಿನ ಹಂಗೇ ಇರಲಿಲ್ಲ. 399 ಡಾಲರ್ ಬೆಲೆಯ ಆ ಹಲಗೆಯೊಳಗೆ ಮೊಬೈಲ್ ಜಾಲಕ್ಕೆ ಸೇರುವ ರೇಡಿಯೋ ಇತ್ತು. ಅಮೆರಿಕದ ಸ್ಪ್ರಿಂಟ್ ಕಂಪನಿಯ ಜಾಲದ ಮೂಲಕ ಒಂದು ನಿಮಿಷದೊಳಗೆ ಪುಸ್ತಕ ಕೈಗೆ ಬರುತ್ತಿತ್ತು. ತಿಂಗಳ ಬಿಲ್ಲಿಲ್ಲ, ಸಿಮ್ ತರುವ ಗೋಜಿಲ್ಲ. ಹಾಗಾದರೆ ಆ ಖರ್ಚು ಯಾರದು? ಅಮೆಜಾನಿನದು. ಪುಸ್ತಕ ಮಾರಿದ ಹಣದಲ್ಲಿ ಅದನ್ನು ಸರಿದೂಗಿಸಿಕೊಳ್ಳುವ ಲೆಕ್ಕಾಚಾರ ಅದು.

ಈ ಒಂದು ಸಂಗತಿ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಪುಸ್ತಕ ಚಿಕ್ಕ ಗಂಟು, ಅದನ್ನು ಸಾಗಿಸುವ ಖರ್ಚು ಅಲ್ಪ, ಬರುವ ಲಾಭ ನಿಶ್ಚಿತ. ಜಾಲದಲ್ಲಿ ಸುತ್ತಾಡುವವನಿಂದ ಖರ್ಚೇ ಹೊರತು ಲಾಭವಿಲ್ಲ. ಆದ್ದರಿಂದಲೇ ಬ್ರೌಸರನ್ನು ಕಿಂಡಲಿನಲ್ಲಿ ಬಹಳ ವರ್ಷ ‘ಪ್ರಯೋಗಾತ್ಮಕ’ ಎಂಬ ಮೂಲೆಯಲ್ಲಿ ಕೂರಿಸಲಾಗಿತ್ತು. ಕೆನಡಾ ಮೂಲದ ಕೋಬೋ ರೀಡರಿನಲ್ಲಿಯೂ ಅದು ‘ಬೀಟಾ’ ಪಟ್ಟಿಯಲ್ಲಿಯೇ ಸಿಕ್ಕಿತು. ಅಂಗಡಿಯವನು ಒಂದು ಸಾಮಾನನ್ನು ಹಿಂದಿನ ಕೋಣೆಯಲ್ಲಿಟ್ಟು ‘ಬೇಕಾದರೆ ನೋಡಿ, ಗ್ಯಾರಂಟಿ ಇಲ್ಲ’ ಎಂದ ಹಾಗೆ.

2010ರಲ್ಲಿ ಬಂದ ಮೂರನೆಯ ಪೀಳಿಗೆಯ ಕಿಂಡಲ್ ಸ್ವಲ್ಪ ಉದಾರಿಯಾಗಿತ್ತು. ಅದರ 3ಜಿ ಮಾದರಿ ಕೊಂಡವರು ಪುಕ್ಕಟೆಯಾಗಿ ಜಾಲ ನೋಡಬಹುದಾಗಿತ್ತು. ಪ್ರವಾಸದಲ್ಲಿ ಇ-ಮೇಲ್ ನೋಡಲು ಅದನ್ನೇ ನಂಬಿದವರೂ ಇದ್ದರು. ಮರುವರ್ಷವೇ, 2011ರ ಕಿಂಡಲ್ ಟಚ್‌ನಲ್ಲಿ, ಆ ಬಾಗಿಲು ಕಿರಿದಾಯಿತು: 3ಜಿಯಲ್ಲಿ ಕಿಂಡಲ್ ಅಂಗಡಿ ಮತ್ತು ವಿಕಿಪೀಡಿಯ ಮಾತ್ರ, ಉಳಿದದ್ದಕ್ಕೆ ನಿಮ್ಮ ಸ್ವಂತ ವೈ-ಫೈ. ಯಾರದೋ ಖರ್ಚಿನಲ್ಲಿ ಸಿಗುವ ಸೌಲಭ್ಯ ಹೀಗೆಯೇ. ಕೊಟ್ಟವರು ಯಾವಾಗ ಬೇಕಾದರೂ ಕೈ ಹಿಂದಕ್ಕೆಳೆಯಬಹುದು.

ಜಾಲವೇ ಮುಚ್ಚಿದರೆ? ಅದೂ ಆಯಿತು. 2021ರ ಕೊನೆಯಿಂದ ಅಮೆರಿಕದ ಮೊಬೈಲ್ ಕಂಪನಿಗಳು 2ಜಿ, 3ಜಿ ಜಾಲಗಳನ್ನು ಕಳಚತೊಡಗಿದವು. ಮೊದಲೆರಡು ಪೀಳಿಗೆಯ ಕಿಂಡಲುಗಳಲ್ಲಿ ವೈ-ಫೈ ಇರಲೇ ಇಲ್ಲ. ಅವು ಅಂದಿನಿಂದ ಅಲ್ಲಿ ಕಿವುಡಾದವು. ಒಳಗಿದ್ದ ಪುಸ್ತಕ ಓದಬಹುದು, ಹೊಸದು ಗಾಳಿಯಲ್ಲಿ ಬರುವುದಿಲ್ಲ. ಇದಕ್ಕೂ ಮುಂಚೆ, 2012 ಮತ್ತು ಅದಕ್ಕಿಂತ ಹಳೆಯ ಕಿಂಡಲುಗಳಿಗೆ 2016ರ ಮಾರ್ಚ್ 22ರೊಳಗೆ ತಂತ್ರಾಂಶವನ್ನು ನವೀಕರಿಸಿಕೊಳ್ಳಿ, ಇಲ್ಲವಾದರೆ ಸಂಪರ್ಕ ತಪ್ಪುತ್ತದೆ ಎಂಬ ಸೂಚನೆ ಬಂದಿತ್ತು. ಜಾಲದಲ್ಲಿ ಗುಟ್ಟು ಕಾಯುವ ಬೀಗಗಳ ವಿನ್ಯಾಸ ಆಗಾಗ ಬದಲಾಗುತ್ತದೆ. ಹಳೆಯ ಹಲಗೆಯ ಬಳಿ ಹೊಸ ಕೀಲಿ ಇಲ್ಲದಿದ್ದರೆ ತಾಣ ಬಾಗಿಲು ತೆರೆಯುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ರೀಡರ್ ಕೊಳ್ಳುವವರು ಇದನ್ನು ಮೊದಲು ವಿಚಾರಿಸಬೇಕು.

ಇಳಿಸಿಕೊಳ್ಳುವ ಲೆಕ್ಕ

ಜಾಲದಲ್ಲಿ ಅಲೆಯುವುದು ಬೇರೆ, ಜಾಲದಿಂದ ಪುಸ್ತಕ ಇಳಿಸಿಕೊಳ್ಳುವುದು, ಅಂದರೆ ಡೌನ್‌ಲೋಡ್, ಬೇರೆ. ಎರಡನೆಯದರಲ್ಲಿ ರೀಡರ್ ನಿಜಕ್ಕೂ ಗಟ್ಟಿಗ. ಏಕೆಂಬುದನ್ನು ನೀವೇ ಗುಣಿಸಿ ನೋಡಬಹುದು.

300 ಪುಟದ ಒಂದು ಕನ್ನಡ ಕಾದಂಬರಿ ಇದೆ, ಪುಟಕ್ಕೆ 1,500 ಸಂಕೇತಗಳು ಎಂದುಕೊಳ್ಳೋಣ. ಜಾಲದಲ್ಲಿ ಬಳಕೆಯಲ್ಲಿರುವ ಯುನಿಕೋಡ್ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. 300ನ್ನು 1,500ರಿಂದ, ಅದನ್ನು 3ರಿಂದ ಗುಣಿಸಿದರೆ 13,50,000 ಬೈಟ್, ಅಂದರೆ ಒಂದೂಕಾಲು ಮೆಗಾಬೈಟಿಗೆ ತುಸು ಹೆಚ್ಚು. ಜಿಪ್ ಗಂಟು ಕಟ್ಟಿದರೆ ಇನ್ನೂ ಬಹಳ ಕಡಿಮೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಇಡೀ ಕಾದಂಬರಿ ಹಗುರ! ಅದೇ ಕಾದಂಬರಿಯ ಪುಟಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ? ಪುಟಕ್ಕೆ 150 ಕಿಲೋಬೈಟ್ ಎಂದರೂ 45 ಮೆಗಾಬೈಟ್ ಆಯಿತು.

ತೂಕವೊಂದೇ ತೊಡಕಲ್ಲ. ಸ್ಕ್ಯಾನ್ ಮಾಡಿದ ಪುಟ ಒಂದು ಚಿತ್ರ. ಅದರಲ್ಲಿ ಅಕ್ಷರವನ್ನು ದೊಡ್ಡದು ಮಾಡಲು ಬರುವುದಿಲ್ಲ, ಚಿತ್ರವನ್ನೇ ಹಿಗ್ಗಿಸಬೇಕು. ಹಿಗ್ಗಿಸಿದರೆ ಸಾಲಿನ ತುದಿ ಆರು ಇಂಚಿನ ಪರದೆಯ ಆಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ಎಳೆಯುತ್ತ ಓದಬೇಕು, ಎಳೆದಾಗಲೆಲ್ಲ ಪರದೆ ಮಿಂಚುತ್ತದೆ. ಕನ್ನಡದ ಎಷ್ಟೋ ಹಳೆಯ, ಅಪರೂಪದ ಗ್ರಂಥಗಳು ಜಾಲದಲ್ಲಿ ಸಿಗುವುದು ಈ ರೂಪದಲ್ಲಿಯೇ. ಅವುಗಳಿಗೆ ಕಂಪ್ಯೂಟರಿನ ಅಗಲ ಪರದೆಯೇ ಲೇಸು.

ಪಠ್ಯರೂಪದಲ್ಲಿದ್ದರೂ ಕನ್ನಡಕ್ಕೆ ಇನ್ನೊಂದು ಅಡ್ಡಿಯುಂಟು. ‘ಸ್ತ್ರೀ’ ಎಂದು ಬರೆಯಿರಿ. ನಿಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರದ ಒಳಗೆ ಅದು ಸಕಾರ, ಅದರ ಅರ್ಧಾಕ್ಷರ ಚಿಹ್ನೆ, ತಕಾರ, ಮತ್ತೆ ಅದೇ ಚಿಹ್ನೆ, ರಕಾರ, ದೀರ್ಘ ಈಕಾರದ ಗುಣಿತ ಎಂಬ ಆರು ಸಂಕೇತಗಳ ಸಾಲು. ಈ ಆರನ್ನೂ ಸೇರಿಸಿ, ತಕಾರ ರಕಾರಗಳನ್ನು ಒತ್ತಾಗಿಸಿ, ಗುಣಿತವನ್ನು ಮೇಲಿಟ್ಟು ಕಟ್ಟುವ ಕೌಶಲ ಯಂತ್ರಕ್ಕೆ ಬೇಕು. ಅಕ್ಷರ ವಿನ್ಯಾಸ, ಅಂದರೆ ಫಾಂಟ್, ಇದ್ದರೆ ಮಾತ್ರ ಸಾಲದು. ಆ ಕೌಶಲ ಇಲ್ಲದ ಹಲಗೆಯಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತವೆ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆದ್ದರಿಂದ ಯಾವ ರೀಡರನ್ನೇ ಆಗಲಿ ಕೊಳ್ಳುವ ಮುನ್ನ ಒಂದು ಕನ್ನಡ ಪುಟವನ್ನು ಅದರಲ್ಲಿ ತೆರೆಸಿ ನೋಡಿ. ‘ಸ್ತ್ರೀ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಮೂರು ಪದ ನೆಟ್ಟಗೆ ಮೂಡಿದರೆ ಹೆಚ್ಚುಕಡಿಮೆ ಉಳಿದದ್ದೂ ಮೂಡುತ್ತದೆ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಬ್ರೌಸರಿನಿಂದಲೇ ಪುಸ್ತಕ ಇಳಿಸಿಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಅಮೆರಿಕದ ಮೈಕೆಲ್ ಹಾರ್ಟ್ 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕೈಯಾರೆ ಟೈಪು ಮಾಡಿ ಆರಂಭಿಸಿದ ‘ಪ್ರಾಜೆಕ್ಟ್ ಗುಟನ್‌ಬರ್ಗ್’ ಇಂದು ಹಕ್ಕುಸ್ವಾಮ್ಯ ತೀರಿದ ಸಾವಿರಾರು ಪುಸ್ತಕಗಳನ್ನು ಬಿಟ್ಟಿಯಾಗಿ ಕೊಡುತ್ತದೆ. ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಅದು ಚಿನ್ನದ ಗಣಿ. ಆದರೆ ಕಿಂಡಲಿನ ಬ್ರೌಸರ್ ತನಗೆ ಗೊತ್ತಿರುವ ನಾಲ್ಕು ನಮೂನೆಗಳ ಕಡತಗಳನ್ನು ಮಾತ್ರ ಇಳಿಸಿಕೊಳ್ಳುತ್ತಿತ್ತು: ಎಝಡ್‌ಡಬ್ಲ್ಯೂ, ಪಿಆರ್‌ಸಿ, ಮೋಬಿ ಮತ್ತು ಸರಳ ಪಠ್ಯ. ಇಪಬ್ ಅಥವಾ ಪಿಡಿಎಫ್ ಕೊಂಡಿಯನ್ನು ಒತ್ತಿದರೆ ‘ಆಗದು’ ಎಂಬ ಸಂದೇಶ. ಉಪನ್ಯಾಸಕರು ಕಳಿಸುವ ನೋಟ್ಸು ಸಾಮಾನ್ಯವಾಗಿ ಪಿಡಿಎಫ್ ತಾನೇ? ಅದಕ್ಕೆ ದಾರಿ ಬೇರೆ. ಫೋನಿಗೋ ಕಂಪ್ಯೂಟರಿಗೋ ಇಳಿಸಿಕೊಂಡು, ಕೇಬಲ್ಲಿನಿಂದ ಸಾಗಿಸಬೇಕು. ಇಲ್ಲವೇ ಹಲಗೆಗೆಂದೇ ಇರುವ ಇ-ಮೇಲ್ ವಿಳಾಸಕ್ಕೆ ಕಳಿಸಬೇಕು. ಈ ಕಳಿಸುವ ವ್ಯವಸ್ಥೆ 2022ರಿಂದ ಇಪಬ್ ಕಡತಗಳನ್ನೂ ಸ್ವೀಕರಿಸುತ್ತಿದೆ. ಒಂದು ದಿನ ಕೂತು ಇದನ್ನು ಅಭ್ಯಾಸ ಮಾಡಿಕೊಂಡರೆ ಬ್ರೌಸರಿನ ನೆನಪೇ ಬರುವುದಿಲ್ಲ.

ಇಳಿಸಿಕೊಂಡದ್ದು ಯಾರದು?

2009ರ ಜುಲೈನಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯಿತು. ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’ ಪುಸ್ತಕಗಳನ್ನು ಹಕ್ಕಿಲ್ಲದವರು ಯಾರೋ ಕಿಂಡಲ್ ಅಂಗಡಿಗೆ ಹಾಕಿದ್ದರು. ವಿಷಯ ತಿಳಿದ ಅಮೆಜಾನ್, ಕೊಂಡವರ ಹಲಗೆಗಳಿಂದಲೇ ಆ ಪುಸ್ತಕಗಳನ್ನು ದೂರದಿಂದ ಅಳಿಸಿ ಹಣ ವಾಪಸು ಕೊಟ್ಟಿತು. ಆಳುವವರು ಹಳೆಯ ದಾಖಲೆಗಳನ್ನು ಸುಟ್ಟು ಇಲ್ಲವಾಗಿಸುವ ಕತೆಯುಳ್ಳ ಪುಸ್ತಕವೇ ಹೀಗೆ ಇಲ್ಲವಾದದ್ದು ಲೋಕಕ್ಕೆಲ್ಲ ಸುದ್ದಿಯಾಯಿತು. ಮಿಶಿಗನ್ ರಾಜ್ಯದ ಒಬ್ಬ ಹೈಸ್ಕೂಲು ವಿದ್ಯಾರ್ಥಿ ನ್ಯಾಯಾಲಯಕ್ಕೆ ಹೋದ. ಬೇಸಿಗೆ ರಜೆಯ ಪಾಠಕ್ಕಾಗಿ ಅವನು ಪುಸ್ತಕದಲ್ಲಿ ಟಿಪ್ಪಣಿ ಹಾಕಿಕೊಂಡಿದ್ದ. ಪುಸ್ತಕ ಹೋದ ಮೇಲೆ ಆ ಟಿಪ್ಪಣಿಗಳಿಗೆ ಆಧಾರವೇ ತಪ್ಪಿತು. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು, ಮೊಕದ್ದಮೆ ಅದೇ ವರ್ಷ ರಾಜಿಯಲ್ಲಿ ಮುಗಿಯಿತು.

ಇದು ಒಂಟಿ ಪ್ರಸಂಗವಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರ ಪುಸ್ತಕಗಳೂ ಮಾಯವಾದವು. ಹಣ ಮರಳಿತು. ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚು ಕೊಟ್ಟರು. ಟಿಪ್ಪಣಿಗೂ ಒಂದು ಬೆಲೆ ಕಟ್ಟಿದರು ಎನ್ನಿ. 2025ರ ಫೆಬ್ರವರಿ 26ರಿಂದ, ಕೊಂಡ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನ ಮೂಲಕ ಸಾಗಿಸುವ ಸೌಲಭ್ಯವನ್ನು ಅಮೆಜಾನ್ ನಿಲ್ಲಿಸಿತು. ಪುಸ್ತಕವೇನೋ ವೈ-ಫೈ ಮೂಲಕ ಬರುತ್ತದೆ. ನಿಮ್ಮ ಬಳಿ ಬೇರೆಯಾಗಿ ಒಂದು ಪ್ರತಿ ಇಟ್ಟುಕೊಳ್ಳುವ ಆ ಹಳೆಯ ದಾರಿ ಮಾತ್ರ ಹೋಯಿತು. ಇಲ್ಲಿ ನಾವು ಕೊಳ್ಳುವುದು ಓದುವ ಅನುಮತಿಯನ್ನು. ಅಟ್ಟದ ಮೇಲಿನ ಪುಸ್ತಕದಂತೆ ಅದು ಮೊಮ್ಮಕ್ಕಳಿಗೆ ಹೋಗುವ ಆಸ್ತಿಯಲ್ಲ.

ಇದನ್ನೆಲ್ಲ ಕೇಳಿಸಿಕೊಂಡ ನನ್ನ ಸೋದರ ಸೊಸೆ ರೀಡರನ್ನು ಮಾರಿಬಿಡುತ್ತಾಳೇನೋ ಎಂದುಕೊಂಡೆ. ಮಾರಲಿಲ್ಲ. ಈಗ ಅದರಲ್ಲಿ ವೈ-ಫೈ ಸದಾ ಆರಿಸಿಟ್ಟಿರುತ್ತಾಳೆ. ವಾರಕ್ಕೊಮ್ಮೆ ಹಾಕಿ, ಬೇಕಾದ ಪುಸ್ತಕ ಇಳಿಸಿಕೊಂಡು, ಮತ್ತೆ ಆರಿಸುತ್ತಾಳೆ. ಅರ್ಜಿ, ಫಲಿತಾಂಶ, ರೈಲು ಟಿಕೇಟು ಎಲ್ಲ ಫೋನಿನಲ್ಲಿ. ಮಧ್ಯೆ ಸಂದೇಶದ ಟಿಂಗ್ ಸದ್ದಿಲ್ಲದೆ ಎರಡು ಗಂಟೆ ಒಂದೇ ಸಮನೆ ಓದಲು ಆಗುವುದು ಈ ಹಲಗೆಯಲ್ಲಿ ಮಾತ್ರ ಎಂದು ಅವಳೇ ಹೇಳಿದಳು. ತಿಂಗಳಿಗೊಮ್ಮೆ ಕೇಬಲ್ ಚುಚ್ಚಿ, ‘ಮೈ ಕ್ಲಿಪ್ಪಿಂಗ್ಸ್’ ಎಂಬ ಹೆಸರಿನ ಕಡತವನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುತ್ತಾಳೆ. ಕಿಂಡಲಿನಲ್ಲಿ ಗೆರೆ ಎಳೆದ ಸಾಲುಗಳೂ ಬರೆದ ಟಿಪ್ಪಣಿಗಳೂ ಸೇರುವುದು ಈ ಸರಳ ಪಠ್ಯದ ಕಡತದಲ್ಲಿ. ಬೀಗವಿಲ್ಲ, ಯಾವ ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆ. ಪುಸ್ತಕ ನಾಳೆ ಇರಲಿ ಬಿಡಲಿ, ಪರೀಕ್ಷೆಗೆ ಅವಳು ಬರೆದುಕೊಂಡದ್ದು ಅವಳ ಬಳಿ ಇರುತ್ತದೆ.